ಗೊಂಬೆಯೋ, ಅರ್ಥಧಾರಿಯೋ? — ಪಾತ್ರವಹಿಸುವ ಆಟಗಳ ಕಥಾಸಂವಿಧಾನ

ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಆಡುವ ಆಟಗಳನ್ನು ವಿಮರ್ಶೆಯ ಮುಂದೆ ತಂದು ನಿಲ್ಲಿಸುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಕಥೆ ಎಲ್ಲಿ ಉಂಟೋ ಅಲ್ಲಿ ವಿಮರ್ಶೆಗೂ ಕೆಲಸವುಂಟು. ಈ ಆಟಗಳಲ್ಲಿ ‘ಪಾತ್ರವಹಿಸುವ ಆಟ’ ಎಂಬುದೊಂದು ಪ್ರಭೇದ. ಇಲ್ಲಿ ಆಡುವವನು ಬರಿಯ ಪ್ರೇಕ್ಷಕನಲ್ಲ; ಕಥಾನಾಯಕನೇ ತಾನಾಗಿ, ಯಾರೊಡನೆ ಏನು ನುಡಿಯಬೇಕು, ಯಾವ ದಾರಿ ಹಿಡಿಯಬೇಕು ಎಂಬುದನ್ನು ತಾನೇ ನಿಶ್ಚಯಿಸುತ್ತಾನೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇದರ ಮೂಲ. ಅದಕ್ಕೆ ಯಂತ್ರವೇ ಬೇಡ; ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ದಾಳವುರುಳಿಸಿ, ಮಾತಿನಲ್ಲಿಯೇ ಕಥೆ ಕಟ್ಟುವರು. ಒಬ್ಬನು ಕಥೆಯ ಸೂತ್ರ ಹಿಡಿದಿರುವನು.

ಇದನ್ನು ಕೇಳಿದ ಕನ್ನಡಿಗನಿಗೆ ತಾಳಮದ್ದಳೆಯ ನೆನಪು ಬಾರದೆ ಇರದು. ನಮ್ಮಂತೆಯೇ ಗಡಿನಾಡಾದ ಕಾಸರಗೋಡಿನಲ್ಲಿ ಈ ಕಲೆ ಹುಲುಸಾಗಿ ಬೆಳೆದಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುವರು. ಅರ್ಥಧಾರಿಗಳು ಕುಳಿತಲ್ಲಿಯೇ ಆಶುವಾಗಿ ಅರ್ಥ ಹೇಳುವರು. ವಾಲಿವಧೆಯನ್ನೇ ನೋಡೋಣ. ವಾಲಿಯು ಸಾಯುವುದು ನಿಶ್ಚಿತ. ಆದರೂ ಮರೆಯಲ್ಲಿ ನಿಂತು ಬಾಣಬಿಟ್ಟ ರಾಮನನ್ನು ಅವನು ಏನೆಂದು ಕೇಳುವನು, ರಾಮನು ಏನೆಂದು ಸಮರ್ಥಿಸಿಕೊಳ್ಳುವನು ಎಂಬುದು ನಿಶ್ಚಿತವಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ಮಾತು ಕೇಳಲು ಜನರು ರಾತ್ರಿಯೆಲ್ಲ ಕುಳಿತಿರುತ್ತಿದ್ದುದು, ಕಥೆಯ ಕೊನೆ ತಿಳಿಯದೆ ಅಲ್ಲ. ಇದಕ್ಕೆ ಪ್ರತಿಯಾಗಿ ನಮ್ಮ ನೆರೆಯ ಧರ್ಮಾವರದ ಹತ್ತಿರದ ನಿಮ್ಮಲಕುಂಟೆಯ ತೊಗಲುಗೊಂಬೆಯನ್ನು ನೆನೆಯಿರಿ. ಅದು ಎಷ್ಟು ಚೆಲುವಾದರೂ ಗೊಂಬೆಯೇ, ಮಾತೆಲ್ಲ ಆಡಿಸುವವನದು. ಹಾಗಾದರೆ ಈ ಹೊಸ ಆಟಗಳು ಆಡುವವನನ್ನು ಅರ್ಥಧಾರಿಯನ್ನಾಗಿ ಮಾಡುತ್ತವೆಯೋ, ಗೊಂಬೆಯನ್ನಾಗಿಯೋ? ನಾವು ಹಿಡಿಯಬೇಕಾದ ಒರೆಗಲ್ಲು ಇದೇ.

‘ನಮ್ಮ ಆಟಕ್ಕೆ ಹತ್ತು ಮುಕ್ತಾಯಗಳಿವೆ’ ಎಂದು ಹೊಗಳಿಕೊಳ್ಳುವುದುಂಟು. ಮುಕ್ತಾಯಗಳ ಸಂಖ್ಯೆಯಿಂದ ಸ್ವಾತಂತ್ರ್ಯವನ್ನು ಅಳೆಯಲಾಗದೆಂಬುದಕ್ಕೆ ವಾಲಿಯೇ ಸಾಕ್ಷಿ. ಆಡಿದ ಮಾತಿಗೆ, ಮಾಡಿದ ಕೆಲಸಕ್ಕೆ ಎದುರಿನಿಂದ ತಕ್ಕ ಉತ್ತರ ಬರಬೇಕು, ಅದೇ ಮುಖ್ಯ. ಈ ದೃಷ್ಟಿಯಿಂದ ರಿಚರ್ಡ್ ಗ್ಯಾರಿಯಟ್ 1985ರಲ್ಲಿ ರಚಿಸಿದ ‘ಅಲ್ಟಿಮಾ’ ಮಾಲೆಯ ನಾಲ್ಕನೆಯ ಆಟ ಸ್ಮರಣೀಯ. ಇದರಲ್ಲಿ ಕೊಲ್ಲಬೇಕಾದ ಮಹಾರಾಕ್ಷಸನಿಲ್ಲ. ಸತ್ಯ, ದಯೆ, ವಿನಯವೇ ಮೊದಲಾದ ಎಂಟು ಗುಣಗಳನ್ನು ಸಾಧಿಸಿ ‘ಅವತಾರ’ನಾಗುವುದೇ ಗುರಿ. ಕುರುಡಿಯೊಬ್ಬಳು ಮೂಲಿಕೆ ಮಾರುತ್ತಾಳೆ. ಎಷ್ಟು ಹಣ ಎಣಿಸಿಕೊಡಬೇಕೆಂಬುದು ಆಡುವವನಿಗೇ ಬಿಟ್ಟದ್ದು. ಕಡಮೆ ಕೊಟ್ಟರೆ ಅಲ್ಲಿ ಯಾರೂ ಗದರುವುದಿಲ್ಲ. ಆದರೆ ಅವನ ಸತ್ಯಗುಣ ಒಳಗೊಳಗೇ ಇಳಿಯುತ್ತದೆ. ಆ ಲೆಕ್ಕವನ್ನು ಅಂಕಿಯಾಗಿ ತೋರಿಸದೆ ಬಚ್ಚಿಟ್ಟಿರುವುದು ಕರ್ತೃವಿನ ಜಾಣ್ಮೆ. ಅಂಕ ಕಂಡೊಡನೆ ಮಗು ಗುಣವನ್ನು ಬಿಟ್ಟು ಅಂಕವನ್ನು ಹಿಂಬಾಲಿಸುವುದೆಂಬುದನ್ನು ಉಪಾಧ್ಯಾಯರಾದ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಆದರೂ ಇಲ್ಲೊಂದು ಕೊರತೆಯುಂಟು. ಅರ್ಥಧಾರಿಯು ಮಾತನ್ನು ತಾನೇ ಸೃಷ್ಟಿಸುವನು. ಇಂಥ ಬಹುಪಾಲು ಆಟಗಳಲ್ಲಿ ಆಡುವವನು ಬೇರೊಬ್ಬರು ಬರೆದಿಟ್ಟ ಮೂರು ನಾಲ್ಕು ವಾಕ್ಯಗಳಲ್ಲಿ ಒಂದನ್ನು ಆಯುವನು, ಅಷ್ಟೆ. ಈ ಮಿತಿಯೊಳಗೇ ಮೇಲ್ಮಟ್ಟಕ್ಕೆ ಏರಿದ ಕೃತಿ 2019ರ ‘ಡಿಸ್ಕೋ ಎಲಿಸಿಯಂ’. ಯುದ್ಧವನ್ನು ಪಕ್ಕಕ್ಕಿಟ್ಟು ಸಂಭಾಷಣೆಯಿಂದಲೇ ನಡೆಯುವ ಪತ್ತೇದಾರಿ ಕಥೆಯಿದು. ಅದರ ಬರೆಹ ಸುಮಾರು 10 ಲಕ್ಷ ಪದಗಳಷ್ಟೆಂದು ಪ್ರಸಿದ್ಧಿ. ನಾಯಕನ ಮನಸ್ಸಿನ 24 ಶಕ್ತಿಗಳು ಒಂದೊಂದೂ ಒಂದು ದನಿಯಾಗಿ ಅವನೊಡನೆಯೇ ವಾದಿಸುತ್ತವೆ. ಒಬ್ಬನ ತಲೆಯೊಳಗೇ ಒಂದು ತಾಳಮದ್ದಳೆ ನಡೆದಂತೆ!

ಇದರ ಪ್ರಧಾನ ಲೇಖಕ ರಾಬರ್ಟ್ ಕುರ್ವಿಟ್ಸ್ ಎಸ್ಟೋನಿಯಾದವನು. ಆ ದೇಶದ ಜನಸಂಖ್ಯೆ 13 ಲಕ್ಷದ ಆಸುಪಾಸು. ಅದೇ ಕಲ್ಪಿತ ಜಗತ್ತನ್ನು ಕುರಿತು ಆತ 2013ರಲ್ಲಿ ಎಸ್ಟೋನಿಯನ್ ಭಾಷೆಯಲ್ಲಿ ಕಾದಂಬರಿ ಬರೆದಿದ್ದ; ಆಟವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಲಾಯಿತು. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದವರು 4 ಕೋಟಿ 37 ಲಕ್ಷ. ಆದ್ದರಿಂದ ನಮಗೆ ಸಂಖ್ಯೆಯ ನೆಪವಿಲ್ಲ. ಸೆಟ್ಟೂರಿನಂಥ ಊರಿನ ಹುಡುಗನಿಗೆ ಮನೆಯದೊಂದು ಭಾಷೆ, ಪೇಟೆಯದೊಂದು, ಆಟದ್ದು ಮತ್ತೊಂದು ಆಗಬಹುದು. ಧರ್ಮಸಂಕಟದ ಪ್ರಶ್ನೆಯನ್ನು ಆಟದಲ್ಲಿ ಪರಭಾಷೆಯಲ್ಲಿಯೇ ಎದುರಿಸುತ್ತ ಹೋದರೆ, ತೀರ್ಮಾನ ಹೇಳುವ ಮಾತು ಅವನಿಗೆ ಕನ್ನಡದಲ್ಲಿ ಒದಗೀತೆ? ಪದ್ಯ ಬಾಯಿಪಾಠವಿದ್ದು ಅರ್ಥ ಹೇಳಲಾರದ ಸ್ಥಿತಿ ಭಾಷೆಗೆ ಒಳ್ಳೆಯದಲ್ಲ.

ಕನ್ನಡದಲ್ಲಿ ಇಂಥ ಆಟ ರಚಿಸುವವರು ಅರ್ಥಧಾರಿಗಳ ಪಕ್ಕದಲ್ಲಿ ಕುಳಿತು ಸಂವಾದದ ಹದವನ್ನು ಕಲಿಯಬೇಕು. ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಉಂಟು. ವಾರಕ್ಕೊಂದು ಪಿರಿಯಡ್ಡು ತರಗತಿಯಲ್ಲಿ ಒಬ್ಬನನ್ನು ವಾಲಿ, ಒಬ್ಬನನ್ನು ರಾಮ ಮಾಡಿ, ಪುಸ್ತಕ ಮುಚ್ಚಿಸಿ, ಮಾತಾಡಗೊಡಬೇಕು. ಇದಕ್ಕೆ ಯಂತ್ರವೂ ಬೇಡ, ಅನುದಾನವೂ ಬೇಡ. ಹುಡುಗರು ಎದುರು ಮಾತಾಡಿದರೆ ಸಹಿಸುವ ಉಪಾಧ್ಯಾಯನೊಬ್ಬನಿದ್ದರೆ ಸಾಕು.