ರಣಜಿ ಪಾರಿತೋಷಕದ ಚರಿತ್ರೆಯಲ್ಲಿ ‘ಪ್ರದೇಶ’ವೆಂಬ ಕಲ್ಪನೆ: ಒಂದು ವಿಮರ್ಶೆ

1934ರಲ್ಲಿ ಆರಂಭಗೊಂಡ ರಣಜಿ ಪಾರಿತೋಷಕ ಪಂದ್ಯಾವಳಿಯು 2024-25ರ ಋತುವಿಗೆ 90 ಆವೃತ್ತಿಗಳನ್ನು ಪೂರೈಸಿತು. ಇಷ್ಟು ದೀರ್ಘಕಾಲ ಬಾಳಿದ ಸಂಸ್ಥೆಯು ಚರಿತ್ರಕಾರನ ಗಮನಕ್ಕೆ ಅರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮೊದಲನೆಯದು ಪಟ್ಟಿಯ ಮಾರ್ಗ: ಯಾವ ವರ್ಷ ಯಾವ ತಂಡ ಗೆದ್ದಿತು, ಯಾರನ್ನು ಸೋಲಿಸಿತು ಎಂಬ ದಾಖಲೆ. ಎರಡನೆಯದು ನೀತಿಕಥೆಯ ಮಾರ್ಗ: ಮತಗಳ ಹೆಸರಿನಲ್ಲಿ ಆಡುತ್ತಿದ್ದ ತಂಡಗಳು ಹಿಂದೆ ಸರಿದು, ಪ್ರಾಂತಗಳ ಹೆಸರಿನಲ್ಲಿ ಆಡುವ ತಂಡಗಳು ಬಂದವು; ತನ್ಮೂಲಕ ಕ್ರೀಡೆಯು ರಾಷ್ಟ್ರೀಯವಾಯಿತು ಎಂಬ ನಿರೂಪಣೆ. ಈ ಎರಡು ಮಾರ್ಗಗಳಿಗೂ ಸಮಾನವಾದ ಒಂದು ದೋಷವಿದೆ. ಎರಡೂ ‘ಪ್ರದೇಶ’ವೆಂಬುದನ್ನು ಮೊದಲೇ ಸಿದ್ಧವಾಗಿದ್ದ ವಸ್ತುವೆಂದು ಭಾವಿಸುತ್ತವೆ. ರಣಜಿ ಪಂದ್ಯಾವಳಿಯ ಪ್ರದೇಶಗಳು ನೆಲದಿಂದ ತಾವಾಗಿ ಹುಟ್ಟಿದವುಗಳಲ್ಲ; ಅರಸರು, ಕ್ರಿಕೆಟ್ ಸಂಸ್ಥೆಗಳು, ಕೊನೆಗೆ ನ್ಯಾಯಾಲಯಗಳು ಗೆರೆ ಎಳೆದು ರೂಪಿಸಿದವುಗಳೆಂಬುದು ನಮ್ಮ ವಾದ.

ನೀತಿಕಥೆಯನ್ನು ಮೊದಲು ಪರೀಕ್ಷಿಸೋಣ. ಮುಂಬಯಿಯಲ್ಲಿ 1892ರಿಂದ ಯೂರೋಪಿಯನ್ನರಿಗೂ ಪಾರ್ಸಿಗಳಿಗೂ ನಡೆಯುತ್ತಿದ್ದ ಪಂದ್ಯವು 1907ರಲ್ಲಿ ಹಿಂದೂಗಳು ಸೇರಿ ತ್ರಿಕೋನವಾಯಿತು. 1912ರಲ್ಲಿ ಮುಸ್ಲಿಮರು ಸೇರಿ ಚತುಷ್ಕೋನವಾಯಿತು. 1937ರಲ್ಲಿ ‘ಇತರರು’ ಎಂಬ ತಂಡವು ಸೇರಿ ಪಂಚಕೋನವಾಯಿತು. ಕಾನೂನುಭಂಗ ಚಳವಳಿಯ ವರ್ಷಗಳಲ್ಲಿ ನಿಂತುಹೋಗಿದ್ದ ಈ ಪಂದ್ಯಗಳು ಪುನರಾರಂಭವಾದದ್ದು 1934-35ರಲ್ಲಿ, ಅಂದರೆ ರಣಜಿ ಪಂದ್ಯಾವಳಿಯು ಜನ್ಮತಾಳಿದ ಋತುವಿನಲ್ಲಿಯೇ. 1940ರ ಡಿಸೆಂಬರಿನಲ್ಲಿ ಗಾಂಧೀಜಿಯವರು ಮತೀಯ ತಂಡಗಳ ಪದ್ಧತಿಗೆ ತಮ್ಮ ಅಸಮ್ಮತಿಯನ್ನು ಸ್ಪಷ್ಟವಾಗಿ ತಿಳಿಸಿದ ಮೇಲೂ ಅವು ಮುಂದುವರಿದವು. ಕೊನೆಯ ಪಂಚಕೋನ ನಡೆದದ್ದು 1945-46ರಲ್ಲಿ. ಆದುದರಿಂದ ಒಂದು ವ್ಯವಸ್ಥೆಯು ಮತ್ತೊಂದನ್ನು ಹೊರದೂಡಿತೆನ್ನುವುದು ಸರಿಯಲ್ಲ. ಹನ್ನೆರಡು ಋತುಗಳ ಕಾಲ ಎರಡೂ ಜೊತೆಜೊತೆಯಾಗಿಯೇ ಬದುಕಿದ್ದವು, ಒಬ್ಬನೇ ಆಟಗಾರನು ಎರಡರಲ್ಲಿಯೂ ಆಡುತ್ತಿದ್ದನು.

ಮತೀಯ ಪಂದ್ಯಗಳನ್ನು ಕೇವಲ ಕತ್ತಲೆಯ ಯುಗವೆಂದು ತಳ್ಳಿಹಾಕುವುದೂ ಉಚಿತವಲ್ಲ. ಧಾರವಾಡದಲ್ಲಿ ಜನಿಸಿದ ಪಾಲ್ವಂಕರ್ ಬಾಳೂ ಅಸ್ಪೃಶ್ಯವೆನಿಸಿದ್ದ ಜಾತಿಯಿಂದ ಬಂದು ಹಿಂದೂ ತಂಡದ ಪ್ರಮುಖ ಬೌಲರ್ ಆದರು. ಆದರೆ ನಾಯಕತ್ವವು ಅವರಿಗೆ ದೊರೆಯಲಿಲ್ಲ. ಅವರ ತಮ್ಮ ವಿಠಲರು 1923ರಲ್ಲಿ ಆ ತಂಡದ ನಾಯಕರಾದರು. ಈ ಸಂಗತಿಯನ್ನು ರಾಮಚಂದ್ರ ಗುಹಾ ಅವರು ತಮ್ಮ ಸಂಶೋಧನೆಯಲ್ಲಿ ವಿಸ್ತಾರವಾಗಿ ಬೆಳಕಿಗೆ ತಂದಿದ್ದಾರೆ. ಮತದ ಹೆಸರಿನ ತಂಡದೊಳಗೆ ಜಾತಿಯ ಪ್ರಶ್ನೆಯನ್ನು ಎತ್ತಲು ಹೀಗೆ ಅವಕಾಶವಾಯಿತು. ಪ್ರದೇಶದ ಹೆಸರಿನ ತಂಡದೊಳಗೆ ಅಡಗಿರುವ ಪ್ರಶ್ನೆಗಳನ್ನೂ ಅಷ್ಟೇ ನಿಷ್ಠುರವಾಗಿ ಎತ್ತಬೇಕಾದುದು ಚರಿತ್ರಕಾರನ ಧರ್ಮ.

ಇನ್ನು ರಣಜಿ ಪಂದ್ಯಾವಳಿಯ ಹುಟ್ಟನ್ನು ಗಮನಿಸೋಣ. 1934ರಲ್ಲಿ ಸಿಮ್ಲಾದಲ್ಲಿ ಕೂಡಿದ ಕ್ರಿಕೆಟ್ ಮಂಡಳಿಯ ಸಭೆಯಲ್ಲಿ ಡಿಮೆಲ್ಲೊ ಅವರು ಅಂತರಪ್ರಾಂತೀಯ ಸ್ಪರ್ಧೆಯ ಸೂಚನೆಯನ್ನು ಮುಂದಿಟ್ಟರು. ಪಾರಿತೋಷಕವನ್ನು ನೀಡಿದವರು ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರು. ಹಿಂದಿನ ವರ್ಷವೇ ದಿವಂಗತರಾಗಿದ್ದ ನವಾನಗರದ ಅರಸು ರಣಜಿತ್‌ಸಿಂಹಜಿಯವರ ಹೆಸರನ್ನು ಅದಕ್ಕೆ ಇಡಬೇಕೆಂಬುದು ಅವರ ಇಷ್ಟ. ವಿಜಯನಗರಂ ಮಹಾರಾಜಕುಮಾರರಾದರೋ ವೈಸರಾಯ್ ವಿಲ್ಲಿಂಗ್ಡನ್ನರ ಹೆಸರಿನ ಪಾರಿತೋಷಕವನ್ನು ಮುಂದೊಡ್ಡಿದರು. ಪ್ರಾಂತಗಳ ಸ್ಪರ್ಧೆಯೆನಿಸಿದ್ದರ ನಾಮಕರಣವೇ ಹೀಗೆ ಅರಮನೆಗಳ ಪೈಪೋಟಿಯಾಯಿತು. ಯಾರ ಹೆಸರನ್ನು ಅದು ಕೊನೆಗೆ ಹೊತ್ತಿತೋ ಅವರು ಪ್ರಸಿದ್ಧರಾದದ್ದು ಸಸೆಕ್ಸ್ ಮತ್ತು ಇಂಗ್ಲೆಂಡ್ ತಂಡಗಳ ದಾಂಡಿಗರಾಗಿ.

ಅರಸರ ಪೋಷಣೆಯು ನಾಮಕರಣಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. 1936-37ರಲ್ಲಿ ಮೊದಲ ಬಾರಿಗೆ ಭಾಗವಹಿಸಿ ಆ ವರ್ಷವೇ ಗೆದ್ದ ನವಾನಗರ ತಂಡದ ನಾಯಕರು ಸಸೆಕ್ಸಿನ ವೃತ್ತಿಪರ ಆಟಗಾರ ವೆನ್ಸ್ಲಿ. 1944-45ರ ಅಂತಿಮ ಪಂದ್ಯದಲ್ಲಿ ಹೋಳ್ಕರ್ ತಂಡದ ಪರವಾಗಿ ಅಜೇಯರಾಗಿ 249 ರನ್ ಗಳಿಸಿದವರು ಯುದ್ಧಕಾಲದಲ್ಲಿ ಭಾರತಕ್ಕೆ ಬಂದಿದ್ದ ಡೆನಿಸ್ ಕಾಂಪ್ಟನ್. ನಾಗಪುರದಲ್ಲಿ ಹುಟ್ಟಿದ ಸಿ. ಕೆ. ನಾಯುಡು ಅವರು ಹೋಳ್ಕರರ ಆಶ್ರಯದಲ್ಲಿ ಇಂದೂರಿನ ತಂಡವನ್ನು ಕಟ್ಟಿ ನಡೆಸಿದರು. ಆ ತಂಡವು 1945-46ರಲ್ಲಿ ಮೈಸೂರಿನ ವಿರುದ್ಧ 8 ವಿಕೆಟ್‌ಗಳಿಗೆ 912 ರನ್ ಗಳಿಸಿ ಇನ್ನಿಂಗ್ಸನ್ನು ಮುಗಿಸಿತು. ಆರು ಮಂದಿ ದಾಂಡಿಗರು ಶತಕ ಬಾರಿಸಿದರು. ಮೈಸೂರಿನ ಗರುಡಾಚಾರ್ಯರು 4 ವಿಕೆಟ್‌ಗಳಿಗಾಗಿ 301 ರನ್ ತೆತ್ತರು. ಇಂಥ ಪಂದ್ಯವನ್ನು ಒಂದು ಪ್ರದೇಶವು ಮತ್ತೊಂದು ಪ್ರದೇಶದ ಮೇಲೆ ಸಾಧಿಸಿದ ಮೇಲುಗೈ ಎಂದಷ್ಟೇ ಓದಿದರೆ, ಪೋಷಣೆಯಿದ್ದ ತಂಡಕ್ಕೂ ಅಷ್ಟು ಪೋಷಣೆಯಿಲ್ಲದ ತಂಡಕ್ಕೂ ಇದ್ದ ಅಂತರವು ನಮ್ಮ ಕಣ್ಣಿಗೆ ಮರೆಯಾಗುತ್ತದೆ.

ಸಂಸ್ಥಾನಗಳು ವಿಲೀನವಾದಾಗ ಅವುಗಳ ತಂಡಗಳು ಒಡನೆಯೇ ಅಳಿಯಲಿಲ್ಲವೆಂಬುದು ಇನ್ನೊಂದು ಗಮನಾರ್ಹ ಸಂಗತಿ. 1948ರಲ್ಲಿ ಇಂದೂರು ಮಧ್ಯಭಾರತದಲ್ಲಿ ಸೇರಿಹೋಯಿತು. ಆದರೂ ಹೋಳ್ಕರ್ ಹೆಸರಿನ ತಂಡವು 1950-51ರಲ್ಲಿಯೂ 1952-53ರಲ್ಲಿಯೂ ಪಾರಿತೋಷಕವನ್ನು ಗೆದ್ದಿತು. 1949ರಲ್ಲಿ ಬರೋಡ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಬರೋಡ ತಂಡವಾದರೋ ಅದಾದ ಮೇಲೆಯೇ 1949-50, 1957-58 ಹಾಗೂ 2000-01ರಲ್ಲಿ ವಿಜಯಿಯಾಯಿತು. 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ನಡೆದ ಪಂದ್ಯದಲ್ಲಿ ಮಹಾರಾಷ್ಟ್ರದ ನಿಂಬಾಳ್ಕರ್ ಅವರು 443 ರನ್ ಗಳಿಸಿ ಅಜೇಯರಾಗಿದ್ದರು. ಬ್ರಾಡ್ಮನ್ನರ 452 ರನ್‌ಗಳ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಲು 9 ರನ್ ಮಾತ್ರ ಬೇಕಾಗಿದ್ದಾಗ, ಕಾಠಿಯಾವಾಡ ತಂಡವನ್ನು ನಡೆಸುತ್ತಿದ್ದ ರಾಜಕೋಟೆಯ ಠಾಕೂರ್ ಸಾಹೇಬರು ಆಟವನ್ನು ಮುಂದುವರಿಸದೆ ಪಂದ್ಯವನ್ನು ಬಿಟ್ಟುಕೊಟ್ಟರು. ಅದೇ ವರ್ಷದ ಫೆಬ್ರವರಿಯಲ್ಲಿಯೇ ಸೌರಾಷ್ಟ್ರ ಒಕ್ಕೂಟವು ರಚಿತವಾಗಿತ್ತು. ರಾಜ್ಯಭಾರವು ಕೈಬಿಟ್ಟಿದ್ದರೂ ಮೈದಾನದ ಮೇಲಿನ ಅಧಿಕಾರವು ಅರಸನ ಕೈಯಲ್ಲಿ ಉಳಿದಿತ್ತು.

ಈಗ ಪಟ್ಟಿಯ ಮಾರ್ಗಕ್ಕೆ ಬರೋಣ. ಅದರ ಕೊರತೆಯನ್ನು ತೋರಿಸಲು ನಮ್ಮ ನಾಡಿನ ತಂಡಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಪಟ್ಟಿಗಳಲ್ಲಿ ‘ಮೈಸೂರು’ 1934ರಿಂದ 1973ರ ವರೆಗೆ ಒಂದೇ ತಂಡ. ‘ಕರ್ನಾಟಕ’ ಅದರ ಮುಂದಿನದು. ಆದರೆ 1941-42ರಲ್ಲಿ ಮುಂಬಯಿಯ ವಿರುದ್ಧ ಅಂತಿಮ ಪಂದ್ಯವನ್ನು ಸೋತ ಮೈಸೂರು ಒಡೆಯರ ಸಂಸ್ಥಾನದ ಹೆಸರು. 1959-60ರಲ್ಲಿ ಅದೇ ಮುಂಬಯಿಗೆ ಅಂತಿಮ ಪಂದ್ಯವನ್ನು ಸೋತ ಮೈಸೂರು ಧಾರವಾಡ, ಬೆಳಗಾವಿ, ಕಲಬುರ್ಗಿ, ಮಂಗಳೂರು, ಕೊಡಗುಗಳನ್ನೊಳಗೊಂಡ ವಿಶಾಲ ರಾಜ್ಯದ ಹೆಸರು. ನೆಲವು ಇಮ್ಮಡಿಗಿಂತ ಹೆಚ್ಚಾಯಿತು, ಹೆಸರು ಬದಲಾಗಲಿಲ್ಲ. 1973ರ ನವೆಂಬರಿನಲ್ಲಿ ಹೆಸರು ಬದಲಾಯಿತು, ನೆಲ ಒಂದಂಗುಲವೂ ಬದಲಾಗಲಿಲ್ಲ. ಹೆಸರನ್ನೇ ನೆಚ್ಚಿದ ಪಟ್ಟಿಯು ಬದಲಾವಣೆಯಿದ್ದ ಕಡೆ ನಿರಂತರತೆಯನ್ನೂ ನಿರಂತರತೆಯಿದ್ದ ಕಡೆ ಬದಲಾವಣೆಯನ್ನೂ ತೋರಿಸುತ್ತದೆ. 1937-38ರಲ್ಲಿ ಹೈದರಾಬಾದು ಗೆದ್ದಾಗ ಕಲಬುರ್ಗಿ, ರಾಯಚೂರು, ಬೀದರುಗಳು ನಿಜಾಮರ ರಾಜ್ಯದಲ್ಲಿದ್ದವು. ಅಲ್ಲಿನ ಕನ್ನಡಿಗನಿಗೆ ಆ ಗೆಲುವು ತನ್ನದೋ ಪರರದೋ ಎಂಬ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿಲ್ಲ. 2021-22ರಲ್ಲಿ ಬೆಂಗಳೂರಿನಲ್ಲಿ ಮುಂಬಯಿಯನ್ನು ಸೋಲಿಸಿದ ಮಧ್ಯಪ್ರದೇಶಕ್ಕೆ ಅದು ಮೊದಲನೆಯ ವಿಜಯವೋ, ಹೋಳ್ಕರರ ನಾಲ್ಕು ವಿಜಯಗಳ ತರುವಾಯ ಐದನೆಯದೋ ಎಂಬುದೂ ಇದೇ ಬಗೆಯ ಪ್ರಶ್ನೆ.

ಪಟ್ಟಿಗಳು ನಿಷ್ಪ್ರಯೋಜಕವೆಂದು ನಾವು ಹೇಳುತ್ತಿಲ್ಲ. ಮುಂಬಯಿಯು 1958-59ರಿಂದ 1972-73ರ ವರೆಗೆ ಸತತವಾಗಿ 15 ವರ್ಷ ಗೆದ್ದಿತೆಂಬುದೂ, 2023-24ರಲ್ಲಿ ಗಳಿಸಿದ್ದು ಅದರ 42ನೆಯ ವಿಜಯವೆಂಬುದೂ ಪಟ್ಟಿಯಿಂದಲೇ ತಿಳಿಯತಕ್ಕ ಮಹತ್ತ್ವದ ಸಂಗತಿಗಳು. ಆದರೆ ಅವು ವಿವರಣೆಯನ್ನು ಬೇಡುವ ಸಂಗತಿಗಳೇ ಹೊರತು ತಾವೇ ವಿವರಣೆಯಲ್ಲ. ಮುಂಬಯಿ ತಂಡವು ಒಂದು ಮಹಾನಗರದ ತಂಡ. ಅದೇ ರಾಜ್ಯದಲ್ಲಿ ಮಹಾರಾಷ್ಟ್ರ, ವಿದರ್ಭಗಳೆಂಬ ಬೇರೆ ಎರಡು ತಂಡಗಳಿವೆ. ಗುಜರಾತಿನಲ್ಲಿಯೂ ಗುಜರಾತು, ಬರೋಡ, ಸೌರಾಷ್ಟ್ರ ಎಂದು ಮೂರು ತಂಡಗಳು. ಇವುಗಳ ಜೊತೆಗೆ ಯಾವ ನೆಲಕ್ಕೂ ಸೇರದ ರೈಲ್ವೆ ತಂಡವು 2001-02ರಲ್ಲಿಯೂ 2004-05ರಲ್ಲಿಯೂ ಗೆದ್ದಿದೆ. ‘ಗೆಲುವು’ ಎಂಬ ಮಾತಿನ ಅರ್ಥವೂ ಸರಳವಲ್ಲ. 1973-74ರಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕವು ಮುಂಬಯಿಯ ಸರಣಿಯನ್ನು ಮುರಿದದ್ದು ಬೆಂಗಳೂರಿನ ಸೆಮಿಫೈನಲಿನಲ್ಲಿ, ಮೊದಲ ಇನ್ನಿಂಗ್ಸಿನ ಮುನ್ನಡೆಯ ಬಲದಿಂದ. ಪಾರಿತೋಷಕವನ್ನು ಪಡೆದದ್ದು ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ. ವಿಜಯಿಗಳ ಪಟ್ಟಿಯಲ್ಲಿ ಎರಡನೆಯದಕ್ಕೆ ಮಾತ್ರ ಸ್ಥಳವಿದೆ. ಚರಿತ್ರೆಯಲ್ಲಿ ಮೊದಲನೆಯದರ ತೂಕವೇ ಹೆಚ್ಚು.

ಈ ಚರ್ಚೆಯೆಲ್ಲ ಹೆಸರುಗಳ ಕುರಿತಾದ ಪಂಡಿತಜಗಳವೆಂದು ವಾಚಕರು ಭಾವಿಸಬಾರದು. ಯಾವುದಕ್ಕೆ ಪ್ರದೇಶವೆಂಬ ಮನ್ನಣೆ ಸಿಕ್ಕಿತೋ ಅಲ್ಲಿನ ತರುಣನಿಗೆ ಆಡಲು ತಂಡ ಸಿಕ್ಕಿತು. ಸಿಗದ ಕಡೆ ಅವನು ಊರು ಬಿಡಬೇಕಾಯಿತು, ಇಲ್ಲವೆ ಆಟವನ್ನು ಬಿಡಬೇಕಾಯಿತು. 2000ದಲ್ಲಿ ಝಾರ್ಖಂಡ ರಾಜ್ಯವು ರಚಿತವಾದ ಬಳಿಕ, 2004-05ರಿಂದ 2017-18ರ ವರೆಗೆ, 14 ಋತುಗಳ ಕಾಲ ಬಿಹಾರದ ಹೆಸರಿನ ತಂಡವೇ ಈ ಪಂದ್ಯಾವಳಿಯಲ್ಲಿ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಆಟಗಾರರ ಒಂದು ಪೀಳಿಗೆಯೇ ಕಳೆದುಹೋಗುತ್ತದೆ. ಈಶಾನ್ಯದ ಅರುಣಾಚಲ, ಮಣಿಪುರ, ಮೇಘಾಲಯ, ಮಿಜೋರಾಂ, ನಾಗಾಲ್ಯಾಂಡ್, ಸಿಕ್ಕಿಂಗಳು ಒಳಗೆ ಬಂದದ್ದು 2018-19ರಲ್ಲಿ. ಆ ವರ್ಷವೇ ಬಿಹಾರವು ಮರಳಿತು, ಉತ್ತರಾಖಂಡ, ಪುದುಚೇರಿಗಳು ಸೇರಿದವು, ತಂಡಗಳ ಸಂಖ್ಯೆ 37ಕ್ಕೆ ಏರಿತು. ಕ್ರಿಕೆಟ್ ಮಂಡಳಿಯ ಸುಧಾರಣೆಯ ಬಗೆಗೆ ಸರ್ವೋಚ್ಚ ನ್ಯಾಯಾಲಯವು 2016 ಮತ್ತು 2018ರಲ್ಲಿ ನೀಡಿದ ತೀರ್ಪುಗಳ ಹಿನ್ನೆಲೆಯಲ್ಲಿ ಈ ಬಾಗಿಲು ತೆರೆಯಿತು. ‘ಒಂದು ರಾಜ್ಯ, ಒಂದು ಮತ’ವೆಂಬ ಮೊದಲ ನಿಯಮವನ್ನು 2018ರಲ್ಲಿ ಸಡಿಲಿಸಿ ಮುಂಬಯಿ, ವಿದರ್ಭ, ಬರೋಡ, ಸೌರಾಷ್ಟ್ರಗಳ ಪೂರ್ಣ ಸದಸ್ಯತ್ವವನ್ನೂ ಉಳಿಸಲಾಯಿತು. ಪ್ರದೇಶವೆಂದರೇನೆಂಬ ಪ್ರಶ್ನೆ, ಪಂದ್ಯಾವಳಿಯು ಆರಂಭವಾಗಿ ಎಂಟು ದಶಕಗಳು ಕಳೆದ ಮೇಲೂ ನ್ಯಾಯಪೀಠದ ಮುಂದೆ ನಿಂತಿತ್ತೆಂಬುದು ನಮ್ಮ ವಾದಕ್ಕೆ ಸಾಕಾದ ಸಮರ್ಥನೆ.

ಈ ವಿಸ್ತರಣೆಯಿಂದ ಪಂದ್ಯಾವಳಿಯ ಮಟ್ಟವು ಕುಸಿಯುತ್ತದೆಂಬ ಆಕ್ಷೇಪವು ಆಗ ಕೇಳಿಬಂದಿತು. ಅದು ಅಲಕ್ಷ್ಯ ಮಾಡತಕ್ಕ ಆಕ್ಷೇಪವಲ್ಲ. ದುರ್ಬಲವಾದ ತಂಡವು ಪ್ರಬಲವಾದ ತಂಡವನ್ನು ಎದುರಿಸಿದಾಗ ಪಂದ್ಯವು ಏಕಪಕ್ಷೀಯವಾಗುವುದು ಸಹಜ. ಆದರೆ ಈ ಆಕ್ಷೇಪಕ್ಕೆ ಪಂದ್ಯಾವಳಿಯ ಚರಿತ್ರೆಯೇ ಉತ್ತರ ಹೇಳುತ್ತದೆ. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕಿನಲ್ಲಿ ನಡೆದ ಪ್ರಪ್ರಥಮ ಪಂದ್ಯದಲ್ಲಿ ಆತಿಥೇಯರನ್ನು ಎದುರಿಸಿದ ತಂಡವು ಒಮ್ಮೆ 48ಕ್ಕೂ ಮತ್ತೊಮ್ಮೆ 59ಕ್ಕೂ ಉರುಳಿತು. ಎದುರಾಳಿಗಳು ಗಳಿಸಿದ್ದು 130 ಮಾತ್ರ, ಅದೂ ಹೆಚ್ಚಾಯಿತು. ರಾಮ್ ಸಿಂಗ್ ಅವರು 35 ರನ್ ಕೊಟ್ಟು 11 ವಿಕೆಟ್ ಪಡೆದರು. ಪಂದ್ಯವು ಒಂದೇ ದಿನದಲ್ಲಿ, ಇನ್ನಿಂಗ್ಸ್ ಮತ್ತು 23 ರನ್‌ಗಳ ಅಂತರದಿಂದ ಮುಗಿಯಿತು. ಮಟ್ಟವೇ ಪ್ರವೇಶದ ಅಳತೆಗೋಲಾಗಿದ್ದರೆ ಆ ತಂಡವನ್ನು ಅಂದು ಸಂಜೆಯೇ ಮನೆಗೆ ಕಳುಹಿಸಿ ಬಾಗಿಲು ಹಾಕಬೇಕಾಗಿತ್ತು. ಹಾಗೆ ಮಾಡಲಿಲ್ಲ. ಏಳು ವರ್ಷಗಳಲ್ಲಿ ಅದು ಅಂತಿಮ ಪಂದ್ಯವನ್ನು ಮುಟ್ಟಿತು. ಮೂವತ್ತೊಂಬತ್ತು ವರ್ಷಗಳ ತರುವಾಯ, ಹೊಸ ಹೆಸರಿನಲ್ಲಿ, ಪಾರಿತೋಷಕವನ್ನು ಎತ್ತಿತು. 2014-15ರ ಹೊತ್ತಿಗೆ ಎಂಟು ಬಾರಿ ವಿಜಯಿಯಾಗಿತ್ತು. ಆ ತಂಡ ಮೈಸೂರು.