ರೇಖೆ, ನಾದ ಮತ್ತು ಸಮುದಾಯ

ಗೆರೆಯನ್ನು ಓದುವುದು ಕಣ್ಣು; ನಾದವನ್ನು ಗ್ರಹಿಸುವುದು ಕಿವಿ. ಈ ಎರಡು ಇಂದ್ರಿಯಗಳ ನಡುವಣ ಸೇತುವೆಯೇ ಸ್ವರಲಿಪಿ. ಆ ಸೇತುವೆ ನಿಂತಿರುವುದಾದರೂ ಲಿಪಿಯ ಬಲದಿಂದಲ್ಲ, ಓದುವವರ ಒಪ್ಪಂದದ ಬಲದಿಂದ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೂ ಪ್ರತ್ಯೇಕ ಚಿಹ್ನೆಗಳುಂಟು. ಆದರೆ ಚಿಹ್ನೆಯನ್ನು ಕಂಡ ಮಾತ್ರಕ್ಕೆ ಗಮಕವು ಕಂಠಕ್ಕೆ ಬಾರದು. ಗುರುಮುಖದಿಂದ ಕೇಳಿದವನಿಗೆ ಮಾತ್ರ ಅದು ನೆನಪಿನ ಕೀಲಿಕೈ. ಹಾಗಾದರೆ ಯಾವ ಒಪ್ಪಂದವೂ ಇಲ್ಲದ ಗೆರೆಯೊಂದನ್ನು ಹತ್ತು ಜನರ ಮುಂದಿಟ್ಟು, ಇದನ್ನು ನುಡಿಸಿರಿ ಎಂದರೆ ಏನಾದೀತು? ಇಂಗ್ಲೆಂಡಿನ ಸಂಗೀತ ರಚನಕಾರ ಕಾರ್ನೀಲಿಯಸ್ ಕಾರ್ಡ್ಯೂ (1936–1981) ಈ ಪ್ರಶ್ನೆಯನ್ನು ಕೈಗೆತ್ತಿಕೊಂಡನು.

1963ರಿಂದ 1967ರ ವರೆಗೆ ಆತನು ರಚಿಸಿದ ‘ಟ್ರೀಟಿಸ್’ 193 ಪುಟಗಳ ಕೃತಿ. ವೃತ್ತ, ತ್ರಿಕೋನ, ಅಂಕೆ, ಬಾಗಿದ ಗೆರೆ, ಒಡೆದ ಗೆರೆ ಇವೇ ಅದರ ಸಾಮಗ್ರಿ. ನಡುವೆ ದಪ್ಪನಾದ ಅಡ್ಡಗೆರೆಯೊಂದು ಪುಟದಿಂದ ಪುಟಕ್ಕೆ ಸಾಗುತ್ತದೆ. ಪ್ರತಿ ಪುಟದ ಕೆಳಗೂ ಸ್ವರ ಬರೆಯುವ ಐದೈದು ಗೆರೆಗಳ ಎರಡು ಖಾಲಿ ಪಂಕ್ತಿಗಳು. ಯಾವ ವಾದ್ಯ, ಎಷ್ಟು ಜನ, ಎಷ್ಟು ಹೊತ್ತು ಎಂಬ ಸೂಚನೆಯೇ ಇಲ್ಲ. ಕಾರ್ಡ್ಯೂ ಮುದ್ರಣ ವಿನ್ಯಾಸಕಾರನಾಗಿಯೂ ದುಡಿದವನು. ಆ ಕೈಯ ಅಚ್ಚುಕಟ್ಟು ಪ್ರತಿ ಪುಟದಲ್ಲಿಯೂ ಎದ್ದು ಕಾಣುತ್ತದೆ.

ಈ ಕೃತಿಯಲ್ಲಿ ಒಂದು ಆಳವಾದ ಒಳನೋಟವೂ ಒಂದು ದೋಷವೂ ಒಟ್ಟಿಗೇ ಇವೆ. ಸ್ವರಲಿಪಿಯನ್ನು ಅರಿಯದವನಿಗೂ ಇದು ಬಾಗಿಲು ತೆರೆಯಿತು. ಸಂಗೀತದ ಶಿಕ್ಷಣದಿಂದ ಪಾರಾಗಿ, ಕಣ್ಣಿನ ಶಿಕ್ಷಣವನ್ನು ಪಡೆದವರೇ ಇದಕ್ಕೆ ಹೆಚ್ಚು ತಕ್ಕವರೆಂದು ಕಾರ್ಡ್ಯೂ ಭಾವಿಸಿದ್ದನು. ವೃತ್ತವೆಂದರೆ ಏನು, ಗೆರೆ ಒಡೆದಲ್ಲಿ ಏನು ಮಾಡಬೇಕು ಎಂಬುದನ್ನು ಜನರು ಕೂಡಿ ಕುಳಿತು ನಿಶ್ಚಯಿಸಿದರೆ, ಚಿತ್ರವೇ ಒಂದು ಸಮುದಾಯವನ್ನು ಕಟ್ಟುತ್ತದೆ. ಆದರೆ ಹಾಗೆ ಕೂಡಿ ಕುಳಿತುಕೊಳ್ಳಲೇಬೇಕೆಂದು ಚಿತ್ರವು ಯಾರನ್ನೂ ಕೇಳುವುದಿಲ್ಲ. ಒಬ್ಬನು ವೃತ್ತವನ್ನು ಕಂಡು ಗಂಟೆ ಬಾರಿಸಬಹುದು, ಇನ್ನೊಬ್ಬನು ಸುಮ್ಮನಿರಬಹುದು. ಇಬ್ಬರೂ ಸರಿಯೇ. ಕಣ್ಣು ಪುಟದಲ್ಲಿ ನೆಟ್ಟಾಗ ಕಿವಿ ಪಕ್ಕದವನನ್ನು ಮರೆಯುವುದು ಸುಲಭ. ತಪ್ಪೆಂಬುದೇ ಸಾಧ್ಯವಿಲ್ಲದೆಡೆ ಹೊಣೆಯೂ ಉಳಿಯುವುದಿಲ್ಲ.

1969ರಲ್ಲಿ ಮೈಕೇಲ್ ಪಾರ್ಸನ್ಸ್ ಮತ್ತು ಹೋವರ್ಡ್ ಸ್ಕೆಂಪ್ಟನ್ನರೊಡನೆ ಆತನು ಲಂಡನ್ನಿನಲ್ಲಿ ಸ್ಥಾಪಿಸಿದ ‘ಸ್ಕ್ರ್ಯಾಚ್ ಆರ್ಕೆಸ್ಟ್ರಾ’ ಈ ಕೊರತೆಗೆ ಉತ್ತರವನ್ನು ಹುಡುಕಿತು. ಸಂಗೀತ ಕಲಿತವರೂ ಕಲಿಯದವರೂ ಚಿತ್ರಕಾರರೂ ಅದರಲ್ಲಿ ಸಮಾನರು. ಪ್ರತಿಯೊಬ್ಬ ಸದಸ್ಯನೂ ಒಂದು ಪುಸ್ತಕವನ್ನಿಟ್ಟುಕೊಂಡು ಮಾತಿನಲ್ಲಾಗಲಿ, ಚಿತ್ರದಲ್ಲಾಗಲಿ, ಸ್ವರದಲ್ಲಾಗಲಿ ತನ್ನ ರಚನೆಗಳನ್ನು ಬರೆಯಬೇಕು. ಕಚೇರಿಯನ್ನು ಯೋಜಿಸುವ ಸರದಿ ಹಿರಿಯರಿಂದಲ್ಲ, ಎಲ್ಲರಿಗಿಂತ ಕಿರಿಯನಿಂದ ಆರಂಭವಾಗಬೇಕು. ಈ ನಿಯಮಾವಳಿಯ ಸಾರವೆಲ್ಲ ಒಂದು ಅಂಶದಲ್ಲಿದೆ: ಪುಸ್ತಕದಲ್ಲಿ ಬರೆಯಬೇಕಾದುದು ಪಕ್ಕವಾದ್ಯದಂತಹ ರಚನೆ, ಯಾರಾದರೂ ಮುಂದೆ ಬಂದು ಒಬ್ಬರೇ ನುಡಿಸಿದರೆ ಅದು ಕೇಳಿಸುವಂತೆ ಎಡೆಗೊಡುವ ರಚನೆ. ಗೆರೆಗೆ ಇಲ್ಲಿ ಮೊದಲ ಬಾರಿಗೆ ಒಂದು ಕರ್ತವ್ಯ ದೊರೆಯಿತು.

‘ದಿ ಗ್ರೇಟ್ ಲರ್ನಿಂಗ್’ ಎಂಬ ರಚನೆಯ ಏಳನೆಯ ಭಾಗದಲ್ಲಿ ಈ ತತ್ತ್ವ ಪೂರ್ಣವಾಗಿ ಫಲಿಸಿದೆ. ಅಲ್ಲಿ ಚಿತ್ರವೇ ಇಲ್ಲ; ಕೆಲವು ಮಾತುಗಳ ಸೂಚನೆ ಮಾತ್ರ. ಪ್ರತಿಯೊಬ್ಬನೂ ತನಗೆ ತೋಚಿದ ಸ್ವರದಿಂದ ಆರಂಭಿಸುತ್ತಾನೆ. ಒಂದು ಉಸಿರಿರುವಷ್ಟು ಹೊತ್ತು ಹಾಡುತ್ತಾನೆ. ಮುಂದಿನ ಸಾಲಿಗೆ ಬೇರೊಬ್ಬನ ಕಂಠದಲ್ಲಿ ಕೇಳಿದ ಸ್ವರವನ್ನೇ ಎತ್ತಿಕೊಳ್ಳುತ್ತಾನೆ. ಮೊದಲು ಸಂತೆಯ ಗದ್ದಲದಂತಿದ್ದ ನಾದವು ಕ್ರಮೇಣ ಕೆಲವೇ ಸ್ವರಗಳಲ್ಲಿ ತಾನಾಗಿ ನೆಲೆಗೊಳ್ಳುತ್ತದೆ. ‘ಟ್ರೀಟಿಸ್’ ಕೇಳದಿದ್ದುದನ್ನು ಇದು ಕೇಳುತ್ತದೆ: ಕಿವಿಗೊಡದವನು ಇಲ್ಲಿ ಮುಂದಿನ ಸಾಲಿಗೇ ಹೋಗಲಾರನು.

ಈ ಸಮಾನತೆ ಬಹುಕಾಲ ಬಾಳಲಿಲ್ಲ. 1971ರಲ್ಲಿ ಸದಸ್ಯರ ಅಸಮಾಧಾನಗಳನ್ನು ಬರೆಯಿಸಿ ಸಂಗ್ರಹಿಸಬೇಕಾಯಿತು. ರಾಜಕೀಯ ವಾದಗಳು ಬಲಗೊಂಡವು. ಕೆಲವೇ ವರ್ಷಗಳಲ್ಲಿ ಸಂಘವು ಚದುರಿತು. ಕ್ರಾಂತಿಕಾರಿ ರಾಜಕೀಯವನ್ನು ಅಪ್ಪಿಕೊಂಡ ಕಾರ್ಡ್ಯೂ 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನ್ನ ಹಿಂದಿನ ರಚನೆಗಳನ್ನೇ ಖಂಡಿಸಿದನು. ಕೃತಿಕಾರನ ಈ ತೀರ್ಪನ್ನು ವಿಮರ್ಶಕನು ಹಾಗೆಯೇ ಒಪ್ಪಬೇಕಾಗಿಲ್ಲ. ‘ಟ್ರೀಟಿಸ್’ ವಿಷಯದಲ್ಲಿ ಅದು ಅರ್ಧ ನ್ಯಾಯ: ಅಂದವಾದ ಗೆರೆ ತನ್ನಷ್ಟಕ್ಕೆ ನಾದವಾಗುವುದಿಲ್ಲ. ಏಳನೆಯ ಭಾಗದ ವಿಷಯದಲ್ಲಿ ಅದು ಅನ್ಯಾಯ. ಪಕ್ಕದವನ ಧ್ವನಿಗೆ ಕಿವಿಗೊಡುವುದಕ್ಕಿಂತ ದೊಡ್ಡ ಜನಪರ ಪಾಠವನ್ನು ಆತನ ಯಾವ ವಾದವೂ ಕಲಿಸಲಾರದು.

ಚಿತ್ರಕ್ಕೂ ನಾದಕ್ಕೂ ಇರುವ ನಂಟನ್ನು ಹೋಲಿಕೆಯಲ್ಲಿ ಹುಡುಕುವವರು ಏರಿದ ಗೆರೆಗೆ ಏರಿದ ಸ್ವರವನ್ನು ಜೋಡಿಸಿ ತೃಪ್ತರಾಗುತ್ತಾರೆ. ಕಾರ್ಡ್ಯೂವಿನ ಸಾಧನೆಯೂ ಸೋಲೂ ತೋರಿಸುವುದು ಬೇರೆಯೇ. ಆ ನಂಟು ಗೆರೆಯಲ್ಲಿಯೂ ಇಲ್ಲ, ಸ್ವರದಲ್ಲಿಯೂ ಇಲ್ಲ. ಅವೆರಡರ ನಡುವೆ ಕುಳಿತವರು ಒಬ್ಬರಿಗೊಬ್ಬರು ಸಲ್ಲಿಸುವ ಗಮನದಲ್ಲಿದೆ.