ದಾಖಲೆಗೆ ದಕ್ಕದ ಸತ್ಯ: ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿಯ ಮರುಪರಿಶೀಲನೆ

ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1993ರ ಸೆಪ್ಟೆಂಬರ್ 10ರಂದು ಆರಂಭವಾಗಿ 2002ರ ಮೇ ತಿಂಗಳವರೆಗೆ ಒಂಬತ್ತು ಸೀಸನ್‌ಗಳಲ್ಲಿ ಪ್ರಸಾರಗೊಂಡು, ಆನಂತರ 2016 ಮತ್ತು 2018ರಲ್ಲಿ ಎರಡು ಕಿರು ಸೀಸನ್‌ಗಳಾಗಿ ಮರಳಿ ಬಂದ ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿಯನ್ನು ನಂಬಿಕೆ ಮತ್ತು ಸಂಶಯಗಳ ನಡುವಣ ವಾಗ್ವಾದವೆಂದು ಓದುವುದು ರೂಢಿಯಾಗಿದೆ. ಕ್ರಿಸ್ ಕಾರ್ಟರ್ ರೂಪಿಸಿದ ಈ ಕಥನದಲ್ಲಿ ಅಮೆರಿಕದ ಕೇಂದ್ರೀಯ ತನಿಖಾ ಸಂಸ್ಥೆಯಾದ ಎಫ್‌ಬಿಐನ ಇಬ್ಬರು ಅಧಿಕಾರಿಗಳಿದ್ದಾರೆ. ಚಿಕ್ಕಂದಿನಲ್ಲಿ ಕಣ್ಣೆದುರೇ ತಂಗಿ ಸಮಂತಾಳನ್ನು ಕಳೆದುಕೊಂಡು, ಆಕೆಯನ್ನು ಅನ್ಯಗ್ರಹ ಜೀವಿಗಳು ಒಯ್ದಿವೆಯೆಂದು ನಂಬಿರುವ ಫಾಕ್ಸ್ ಮಲ್ಡರ್ (ಡೇವಿಡ್ ಡುಕೊವ್ನಿ) ಒಬ್ಬನಾದರೆ, ವೈದ್ಯಶಾಸ್ತ್ರ ಓದಿ, ಶವಪರೀಕ್ಷೆಯಲ್ಲಿ ಪರಿಣತಿ ಪಡೆದು, ಮಲ್ಡರನ ಕೆಲಸದ ಮೇಲೆ ಕಣ್ಣಿಡಲೆಂದೇ ನಿಯುಕ್ತಳಾದ ಡೇನಾ ಸ್ಕಲಿ (ಜಿಲಿಯನ್ ಆಂಡರ್ಸನ್) ಇನ್ನೊಬ್ಬಳು. ‘ಬ್ಲ್ಯಾಕ್ ಪ್ಯಾಂಥರ್’ ಮತ್ತು ‘ಸಿನ್ನರ್ಸ್’ ಚಿತ್ರಗಳ ನಿರ್ದೇಶಕ ರಯಾನ್ ಕೂಗ್ಲರ್ ಈ ಧಾರಾವಾಹಿಗೆ ಹೊಸ ರೂಪ ಕೊಡಲು ಹೊರಟಿರುವ ಸಂಗತಿಯನ್ನು 2023ರಲ್ಲಿ ಸ್ವತಃ ಕಾರ್ಟರ್ ಹೊರಗೆಡಹಿದ ಮೇಲೆ, ಒಟ್ಟು 218 ಕಂತುಗಳ ಈ ದೊಡ್ಡ ರಾಶಿಯಲ್ಲಿ ಇಂದಿಗೂ ಗಟ್ಟಿಯಾಗಿ ಉಳಿದಿರುವುದು ಯಾವುದು, ಸವೆದುಹೋಗಿರುವುದು ಯಾವುದು ಎಂಬ ಪ್ರಶ್ನೆಗೆ ಹೊಸ ತುರ್ತು ಒದಗಿದೆ.

ನಂಬಿಕೆ ಮತ್ತು ಸಂಶಯದ ಓದು ಪೂರ್ತಿ ತಪ್ಪೆನ್ನಲಾಗದಿದ್ದರೂ, ಧಾರಾವಾಹಿಯ ರಚನೆಯನ್ನು ಹತ್ತಿರದಿಂದ ನೋಡಿದಾಗ ಅದು ಸಾಲದೆನಿಸುತ್ತದೆ. ಅದ್ಭುತ ಸಾಹಿತ್ಯವನ್ನು ಕುರಿತ 1970ರ ತಮ್ಮ ಕೃತಿಯಲ್ಲಿ ತ್ಸ್ವೆತಾನ್ ತೊದೊರೊವ್, ಇಂಥ ಕಥನಗಳ ಜೀವವಿರುವುದು ಓದುಗನ ಅನಿಶ್ಚಯದಲ್ಲಿ ಎಂದು ವಾದಿಸಿದರು. ನಡೆದ ಘಟನೆಗೆ ಲೌಕಿಕ ವಿವರಣೆಯಿದೆಯೋ ಅಥವಾ ಅದು ನಿಜಕ್ಕೂ ಅಲೌಕಿಕವೋ ಎಂದು ಓದುಗ ತೂಗಾಡುವಷ್ಟು ಹೊತ್ತು ಮಾತ್ರ ಕೃತಿ ಆ ಪ್ರಕಾರಕ್ಕೆ ಸೇರಿರುತ್ತದೆ, ಉತ್ತರ ಸಿಕ್ಕಿದೊಡನೆ ಅದು ಬೇರೊಂದು ಪ್ರಕಾರಕ್ಕೆ ಜಾರುತ್ತದೆ ಎಂಬುದು ಅವರ ಪ್ರತಿಪಾದನೆ. ಈ ಅಳತೆಗೋಲಿನಿಂದ ನೋಡಿದರೆ ‘ಎಕ್ಸ್-ಫೈಲ್ಸ್’ನ ಹೆಚ್ಚಿನ ಕಂತುಗಳು ಅನಿಶ್ಚಯವನ್ನು ಮೊದಲ ಕೆಲವೇ ನಿಮಿಷಗಳಲ್ಲಿ ಕೈಬಿಡುತ್ತವೆ. ಶೀರ್ಷಿಕೆ ಬರುವುದಕ್ಕೆ ಮುಂಚಿನ ಪುಟ್ಟ ದೃಶ್ಯದಲ್ಲೇ ವಿಕಾರ ಜೀವಿ ಬಲಿ ತೆಗೆದುಕೊಳ್ಳುವುದನ್ನು ವೀಕ್ಷಕರಿಗೆ ತೋರಿಸಿಬಿಟ್ಟಿರುತ್ತಾರೆ. ಮಲ್ಡರ್ ಹೇಳುವುದೇ ಸರಿ ಎಂಬುದು ಅವನು ಬಾಯಿ ತೆರೆಯುವ ಮೊದಲೇ ಗೊತ್ತಾಗಿರುತ್ತದೆ. ಫಲಿತಾಂಶ ಮೊದಲೇ ನಿಗದಿಯಾದ ಈ ವಾದದಲ್ಲಿ ಸ್ಕಲಿ ವಾರವಾರವೂ ಸೋಲುವುದನ್ನು ಕಂಡು ಬೇಸತ್ತ ವಿಮರ್ಶಕರು ಅಂದೂ ಇದ್ದರು. ಆದರೆ ವೀಕ್ಷಕರ ಮನಸ್ಸಿನಲ್ಲಿ ಇಲ್ಲವಾದ ಅನಿಶ್ಚಯ ಎಲ್ಲಿಗೆ ಹೋಯಿತು ಎಂದು ಕೇಳಿಕೊಂಡರೆ ಧಾರಾವಾಹಿಯ ನಿಜವಾದ ವಸ್ತು ಗೋಚರಿಸುತ್ತದೆ: ಅದು ಸರಕಾರಿ ಕಡತಕ್ಕೆ ವರ್ಗವಾಗಿದೆ. ಕಂಡದ್ದು ನಿಜವೇ ಎನ್ನುವುದಕ್ಕಿಂತ, ಕಂಡದ್ದನ್ನು ವರದಿಯಲ್ಲಿ ಬರೆಯಲು ಸಾಧ್ಯವೇ, ಬರೆದರೆ ಮೇಲಧಿಕಾರಿಗಳು ಸ್ವೀಕರಿಸುತ್ತಾರೆಯೇ, ಸ್ವೀಕರಿಸಿದರೂ ಆ ಹಾಳೆ ಕಪಾಟಿನಲ್ಲಿ ಉಳಿಯುತ್ತದೆಯೇ ಎಂಬ ಪ್ರಶ್ನೆಗಳೇ ಈ ಕಥನವನ್ನು ನಡೆಸುತ್ತವೆ.

ಮೊದಲ ಕಂತಿನಲ್ಲೇ ಈ ವ್ಯಾಕರಣ ಪೂರ್ಣವಾಗಿ ಸಿದ್ಧವಾಗಿರುವುದು ಅಚ್ಚರಿಯ ಸಂಗತಿ. ಆರೆಗಾನ್ ರಾಜ್ಯದ ಊರೊಂದರಲ್ಲಿ ಕಲೆಹಾಕಿದ ಎಕ್ಸ್-ರೇಗಳೂ ಛಾಯಾಚಿತ್ರಗಳೂ ತನಿಖಾಧಿಕಾರಿಗಳು ತಂಗಿದ್ದ ಮೋಟೆಲ್‌ಗೆ ಬೆಂಕಿ ಬಿದ್ದು ಸುಟ್ಟುಹೋಗುತ್ತವೆ. ಉಳಿದದ್ದು ಶವದಿಂದ ಹೊರತೆಗೆದ ಸಣ್ಣದೊಂದು ಲೋಹದ ತುಣುಕು ಮಾತ್ರ, ಅದನ್ನು ಸ್ಕಲಿ ನಿಯಮದಂತೆ ಮೇಲಧಿಕಾರಿಗಳಿಗೆ ಒಪ್ಪಿಸಿದ ಮೇಲೆ, ಸಿಗರೇಟು ಸೇದುವ ಹೆಸರಿಲ್ಲದ ವ್ಯಕ್ತಿಯೊಬ್ಬ (ವಿಲಿಯಂ ಬಿ. ಡೇವಿಸ್) ಅದನ್ನು ಪೆಂಟಗಾನ್‌ನ ಉಗ್ರಾಣದಲ್ಲಿ, ಅಂಥವೇ ಬೇರೆ ತುಣುಕುಗಳಿರುವ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಪ್ರಭುತ್ವವು ಇಲ್ಲಿ ಪುರಾವೆಯನ್ನು ನಾಶಮಾಡುವುದಿಲ್ಲ, ಜೋಪಾನವಾಗಿ ಶೇಖರಿಸಿಡುತ್ತದೆ ಎಂಬುದು ಗಮನಿಸಬೇಕಾದ ಅಂಶ.

ಕಾರ್ಟರ್ ತಮಗೆ ಪ್ರೇರಣೆಯೆಂದು ಹೇಳಿಕೊಂಡಿರುವ ‘ಕೊಲ್ಚಾಕ್: ದ ನೈಟ್ ಸ್ಟಾಕರ್’ (1974–75) ಧಾರಾವಾಹಿಯಲ್ಲೂ ಇದೇ ಕೊರಗಿತ್ತು. ಅಲ್ಲಿನ ನಾಯಕ ಶಿಕಾಗೋದ ಪತ್ರಕರ್ತ. ರಕ್ತಪಿಪಾಸುಗಳನ್ನೂ ದೆವ್ವಗಳನ್ನೂ ಕಣ್ಣಾರೆ ಕಂಡು ಬರೆದ ಅವನ ಸುದ್ದಿ ಅಚ್ಚಾಗುವುದೇ ಇಲ್ಲ. ಆ ಪಾತ್ರ ವಹಿಸಿದ್ದ ಡ್ಯಾರೆನ್ ಮೆಕ್‌ಗೇವಿನ್ ಅವರನ್ನು 1998ರ ‘ಟ್ರಾವೆಲರ್ಸ್’ ಕಂತಿನಲ್ಲಿ ಹಳೆಯ ಎಫ್‌ಬಿಐ ಅಧಿಕಾರಿಯಾಗಿ ಕರೆತಂದದ್ದು ಋಣಸಂದಾಯವೆನ್ನಬಹುದು. ಬಗೆಹರಿಯದ ಪ್ರಕರಣಗಳು ‘ಎಕ್ಸ್’ ಅಕ್ಷರದ ಕಪಾಟಿಗೆ ಸೇರಿದ್ದಕ್ಕೆ ಯಾವ ಗೂಢಾರ್ಥವೂ ಇಲ್ಲ, ಬೇರೆ ಅಕ್ಷರದ ಕಪಾಟು ತುಂಬಿಹೋಗಿ ಇಲ್ಲಿ ಜಾಗ ಖಾಲಿಯಿತ್ತು ಎಂದು ಕಡತ ನೋಡಿಕೊಳ್ಳುವ ಮಹಿಳೆ ತಣ್ಣಗೆ ವಿವರಿಸುವುದೂ ಅದೇ ಕಂತಿನಲ್ಲಿ.

ಒಂದು ಕಂತಿಗೇ ಮುಗಿಯುವ ಸ್ವತಂತ್ರ ಕಥೆಗಳನ್ನು ಅಭಿಮಾನಿಗಳು ‘ವಾರದ ರಾಕ್ಷಸ’ ಕಂತುಗಳೆಂದೂ, ಪ್ರಭುತ್ವ ಮತ್ತು ಅನ್ಯಗ್ರಹ ಜೀವಿಗಳ ಒಳಸಂಚನ್ನು ವರ್ಷಗಟ್ಟಲೆ ಎಳೆದುಕೊಂಡು ಹೋಗುವ ಕಂತುಗಳನ್ನು ‘ಪುರಾಣ’ ಕಂತುಗಳೆಂದೂ ವಿಂಗಡಿಸುತ್ತಾರೆ. ದಾಖಲೆಯ ಪ್ರಶ್ನೆ ಅತ್ಯಂತ ಹರಿತವಾಗಿ ಬಂದಿರುವುದು ಮೊದಲ ಬಗೆಯಲ್ಲಿ. ಗ್ಲೆನ್ ಮಾರ್ಗನ್ ಮತ್ತು ಜೇಮ್ಸ್ ವಾಂಗ್ ಬರೆದ ‘ಸ್ಕ್ವೀಜ್’ ಕಂತಿನ ಯುಜೀನ್ ಟೂಮ್ಸ್, ಮೂವತ್ತು ವರ್ಷಕ್ಕೊಮ್ಮೆ ಎಚ್ಚೆತ್ತು, ಕಿರಿದಾದ ಗಾಳಿಗಂಡಿಗಳ ಮೂಲಕ ಮೈಯನ್ನು ಹಿಗ್ಗಿಸಿ ನುಸುಳಿ, ಐವರ ಯಕೃತ್ತನ್ನು ಕಿತ್ತು ತಿಂದು ಮತ್ತೆ ನಿದ್ದೆಗೆ ಜಾರುವವನು. ಅದರ ಮುಂದುವರಿಕೆಯಾಗಿ 1994ರ ಏಪ್ರಿಲ್‌ನಲ್ಲಿ ಪ್ರಸಾರವಾದ ‘ಟೂಮ್ಸ್’ ಕಂತಿನಲ್ಲಿ ಅವನ ಬಿಡುಗಡೆಯನ್ನು ಕುರಿತ ವಿಚಾರಣೆ ನಡೆಯುತ್ತದೆ. ಮಲ್ಡರ್ ಅಲ್ಲಿ ಹೇಳುವ ಒಂದೊಂದು ಮಾತೂ ನಿಜವೆಂದು ವೀಕ್ಷಕರಿಗೆ ಗೊತ್ತು; ದಶಕಗಳ ಹಿಂದಿನ ಕೊಲೆಗಳ ಬೆರಳಚ್ಚುಗಳೂ ಅವನ ಕೈಯಲ್ಲಿವೆ. ಆದರೆ ಆರೋಪಿಯ ವಯಸ್ಸು ನೂರು ದಾಟಿದೆ ಎನ್ನುವ ಸಾಕ್ಷಿಯನ್ನು ಯಾವ ನ್ಯಾಯಪೀಠವಾದರೂ ಹೇಗೆ ಪರಿಗಣಿಸೀತು? ಸತ್ಯವನ್ನು ಪೂರ್ತಿಯಾಗಿ ನುಡಿದದ್ದರಿಂದಲೇ ಮಲ್ಡರ್ ನಗೆಪಾಟಲಾಗುತ್ತಾನೆ, ಕೊಲೆಗಾರ ಹೊರಬರುತ್ತಾನೆ. ಕಂತಿನ ಕೊನೆಯ ಭಾಗದಲ್ಲಿ, ಈ ಕಂತಿನಲ್ಲೇ ಮೊದಲ ಬಾರಿಗೆ ಕಾಣಿಸಿಕೊಳ್ಳುವ ಎಫ್‌ಬಿಐ ಸಹಾಯಕ ನಿರ್ದೇಶಕ ಸ್ಕಿನ್ನರ್, ಪ್ರಕರಣದ ವರದಿಯನ್ನು ಓದಿ ಮುಗಿಸಿ, ಕೋಣೆಯಲ್ಲಿ ಹೊಗೆ ಬಿಡುತ್ತ ನಿಂತವನನ್ನು ನೀವು ಇದನ್ನು ನಂಬುತ್ತೀರಾ ಎಂದು ಕೇಳಿದಾಗ, ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಆ ವ್ಯಕ್ತಿ, ನಂಬದೆ ಏನು ಎನ್ನುವ ಅರ್ಥದ ಚಿಕ್ಕ ಉತ್ತರ ಕೊಡುತ್ತಾನೆ. ಬರೆದವರ ವೃತ್ತಿಗೌರವವನ್ನೇ ಅಪಾಯಕ್ಕೆ ಒಡ್ಡಿದ ವರದಿಯನ್ನು ಯಾವ ಹಿಂಜರಿಕೆಯೂ ಇಲ್ಲದೆ ನಂಬುವ ಏಕೈಕ ಓದುಗ ಅದನ್ನು ಹೂತಿಡುವ ಅಧಿಕಾರವುಳ್ಳವನೇ ಆಗಿರುವುದರಲ್ಲಿ ಇರುವ ವ್ಯಂಗ್ಯವನ್ನು ಮುಂದಿನ ವರ್ಷಗಳ ಯಾವ ಹಾರುವ ತಟ್ಟೆಯ ದೃಶ್ಯವೂ ಮೀರಲಿಲ್ಲ.

ವರದಿ ಬರೆಯುವವಳು ಬಹುಮಟ್ಟಿಗೆ ಸ್ಕಲಿ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಪಾತ್ರದ ಸ್ಥಾನವೇ ಬದಲಾಗುತ್ತದೆ. 1994ರ ಜನವರಿಯ ‘ಬಿಯಾಂಡ್ ದ ಸೀ’ ಕಂತಿನಲ್ಲಿ ಅವಳ ತಂದೆ ತೀರಿಕೊಂಡಿದ್ದಾರೆ. ಮರಣದಂಡನೆಗೆ ಗುರಿಯಾದ ಕೊಲೆಗಾರ ಲೂಥರ್ ಲೀ ಬಾಗ್ಸ್ (ಬ್ರ್ಯಾಡ್ ಡೂರಿಫ್) ತನಗೆ ಸತ್ತವರೊಡನೆ ಸಂಪರ್ಕವಿದೆಯೆಂದೂ, ತನ್ನ ಮರಣದಂಡನೆಯ ಹೊತ್ತಿಗೆ ಬಂದು ಕುಳಿತರೆ ತಂದೆಯ ಸಂದೇಶವನ್ನು ತಿಳಿಸುವೆನೆಂದೂ ಹೇಳುತ್ತಾನೆ. ಈ ಬಾರಿ ಸಂಶಯಪಡುವವನು ಮಲ್ಡರ್, ನಂಬಲು ಹಾತೊರೆಯುವವಳು ಸ್ಕಲಿ. ಕೊನೆಗೆ ಅವಳು ಹೋಗುವುದಿಲ್ಲ. ಗುಂಡೇಟು ತಿಂದು ಮಲಗಿದ ಮಲ್ಡರನ ಆಸ್ಪತ್ರೆಯ ಹಾಸಿಗೆಯ ಬದಿಯಲ್ಲಿ ಕುಳಿತಿರುತ್ತಾಳೆ. ಆ ನಿರ್ಧಾರವನ್ನು ವಿಜ್ಞಾನದ ಗೆಲುವೆಂದು ಹೇಳಲಾಗದು, ಏಕೆಂದರೆ ಬಾಗ್ಸ್ ಹೇಳಿದ್ದರಲ್ಲಿ ನಿಜವಿರಬಹುದೆಂಬ ಭಯ ತನಗಿದೆಯೆಂದು ಅವಳೇ ಒಪ್ಪಿಕೊಳ್ಳುತ್ತಾಳೆ. ವಿವರಣೆ ಬೇಡವೆಂದು ಬಿಟ್ಟುಕೊಡುವ ಈ ಸಂಯಮವನ್ನು ಆಂಡರ್ಸನ್ ಮುಖಭಾವದಲ್ಲೇ ಹಿಡಿದಿಟ್ಟಿದ್ದಾರೆ. ಇಂಥ ನಟಿಗೆ ಮೊದಲ ವರ್ಷಗಳಲ್ಲಿ ಸಹನಟನಿಗಿಂತ ಬಹಳ ಕಡಿಮೆ ಸಂಭಾವನೆ ಸಿಗುತ್ತಿತ್ತೆಂಬುದೂ, 2016ರ ಮರುಚಾಲನೆಗೆ ಮೊದಲು ಕೊಡಹೊರಟದ್ದು ಆತನ ಸಂಭಾವನೆಯ ಅರ್ಧದಷ್ಟೇ ಎಂಬುದೂ ಆಕೆಯೇ ಬಹಿರಂಗಪಡಿಸಿದ ಸಂಗತಿಗಳು. ಸ್ಕಲಿಯ ಪಾತ್ರವನ್ನು ಬಲ್ಲ ವಿಜ್ಞಾನ ಮತ್ತು ತಂತ್ರಜ್ಞಾನ ಕ್ಷೇತ್ರದ ಮಹಿಳೆಯರಲ್ಲಿ ಶೇ 63ರಷ್ಟು ಮಂದಿ ಅವಳನ್ನು ತಮ್ಮ ಮಾದರಿಯೆಂದು ಹೇಳಿದರೆಂಬ 2018ರ ಸಮೀಕ್ಷೆಯನ್ನು ಎಲ್ಲೆಡೆ ಉಲ್ಲೇಖಿಸಲಾಗುತ್ತದೆ. ಆ ಸಮೀಕ್ಷೆಯಲ್ಲಿ ಫಾಕ್ಸ್ ಸಂಸ್ಥೆಯೂ ಪಾಲುದಾರನಾಗಿತ್ತು ಎಂಬುದನ್ನು ಅದರ ಜೊತೆಗೇ ಹೇಳುವುದು ನ್ಯಾಯ.

ವಿನ್ಸ್ ಗಿಲಿಗನ್ ಬರೆದ 1998ರ ‘ಬ್ಯಾಡ್ ಬ್ಲಡ್’ ಇದೇ ವಸ್ತುವನ್ನು ಹಾಸ್ಯಕ್ಕೆ ಹೊರಳಿಸುತ್ತದೆ. ಸ್ಕಿನ್ನರ್ ಮುಂದೆ ನಿಲ್ಲುವ ಮೊದಲು ಇಬ್ಬರೂ ತಮ್ಮ ಹೇಳಿಕೆಗಳನ್ನು ಹೊಂದಿಸಿಕೊಳ್ಳಬೇಕು. ಒಂದೇ ಘಟನೆ ಎರಡು ಬಾಯಲ್ಲಿ ಎರಡಾಗುತ್ತದೆ, ಸ್ಕಲಿಯ ನೆನಪಿನಲ್ಲಿ ಸುಂದರಾಂಗನಾಗಿದ್ದ ಶೆರಿಫ್ ಮಲ್ಡರನ ನೆನಪಿನಲ್ಲಿ ಉಬ್ಬುಹಲ್ಲಿನವನಾಗಿಬಿಡುತ್ತಾನೆ.

ಪುರಾಣ ಕಂತುಗಳ ವಿಷಯಕ್ಕೆ ಬಂದರೆ ತೀರ್ಪು ಅಷ್ಟು ಸರಳವಲ್ಲ. ಅವುಗಳ ಅಪನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಾಗಿರಲಿಲ್ಲ. ಅಲಬಾಮದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರಕಾರಿ ಆರೋಗ್ಯ ಇಲಾಖೆಯು ಕಪ್ಪುಜನರ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡದೆ ಅದು ಬೆಳೆಯುವುದನ್ನು ನೋಡುತ್ತ ಕುಳಿತದ್ದು, ಎರಡನೆಯ ಮಹಾಯುದ್ಧದ ಬಳಿಕ ‘ಆಪರೇಷನ್ ಪೇಪರ್‌ಕ್ಲಿಪ್’ ಹೆಸರಿನಲ್ಲಿ ಜರ್ಮನಿಯ ವಿಜ್ಞಾನಿಗಳನ್ನು ಅವರ ನಾತ್ಸಿ ಹಿನ್ನೆಲೆ ಮರೆಮಾಚಿ ಕರೆತಂದದ್ದು, ವಾಟರ್‌ಗೇಟ್ ಹಗರಣ—ಇವೆಲ್ಲ ಇತಿಹಾಸ. 1995ರ ಸೆಪ್ಟೆಂಬರ್‌ನ ‘ಪೇಪರ್ ಕ್ಲಿಪ್’ ಕಂತಿನಲ್ಲಿ ಈ ಇತಿಹಾಸವೂ ಕಲ್ಪನೆಯೂ ಬೆಸೆದುಕೊಂಡಿವೆ. ಕೈಬಿಟ್ಟ ಗಣಿಯೊಂದರ ಒಳಗೆ ಟಾರ್ಚಿನ ಬೆಳಕು ಮುಟ್ಟುವಷ್ಟು ದೂರವೂ ಕಡತದ ಕಪಾಟುಗಳ ಸಾಲು. ಸಮಂತಾಳ ಹೆಸರಿನ ಕಡತವನ್ನು ಹುಡುಕಿ ತೆಗೆದ ಮಲ್ಡರ್, ಆ ಹೆಸರಿನ ಚೀಟಿಯ ಅಡಿಯಲ್ಲಿ ಮೊದಲು ಅಂಟಿಸಿದ್ದ ತನ್ನದೇ ಹೆಸರನ್ನು ಕಾಣುತ್ತಾನೆ. ಕದ್ದ ರಹಸ್ಯ ದಾಖಲೆಗಳ ಟೇಪು ಕೈತಪ್ಪಿದಾಗ, ಅದರಲ್ಲಿದ್ದುದನ್ನೆಲ್ಲ ನವಾಹೋ ಸಮುದಾಯದ ಹಿರಿಯನೊಬ್ಬ ಬಾಯಿಪಾಠ ಮಾಡಿ ಇನ್ನಿಪ್ಪತ್ತು ಮಂದಿಗೆ ಕಲಿಸಿದ್ದಾನೆ ಎಂಬ ಮಾತಿನಿಂದಲೇ ಸ್ಕಿನ್ನರ್ ಸಿಗರೇಟು ಸೇದುವ ಆ ಎದುರಾಳಿಯ ಬಾಯಿ ಮುಚ್ಚಿಸುತ್ತಾನೆ. ಕಾಗದವನ್ನು ಬಚ್ಚಿಡುವುದರಲ್ಲಿ ನಿಷ್ಣಾತವಾದ ಪ್ರಭುತ್ವಕ್ಕೆ ಕಂಠಸ್ಥ ಪಠ್ಯದ ಮುಂದೆ ದಾರಿ ತೋಚದಿರುವುದು ಇಡೀ ಧಾರಾವಾಹಿಯ ಅತ್ಯುತ್ತಮ ಕಲ್ಪನೆಗಳಲ್ಲಿ ಒಂದು.

ದುರದೃಷ್ಟವಶಾತ್ ಆ ಕಲ್ಪನೆ ಬೆಳೆಯಲಿಲ್ಲ. ಕಪ್ಪು ಎಣ್ಣೆ, ಮಿಶ್ರತಳಿ, ಭೂಮಿಯ ವಸಾಹತೀಕರಣ ಎಂದು ವಿವರಗಳು ಪೇರಿಕೊಂಡಂತೆ, ಏನೋ ಅಡಗಿದೆ ಎಂಬ ಭಾವ ನೀಡುತ್ತಿದ್ದ ಖಾಲಿಜಾಗವನ್ನು ಕಥೆಯೇ ತುಂಬುತ್ತಹೋಯಿತು. ಅನ್ಯಗ್ರಹದವರ ಆಕ್ರಮಣ 2012ರ ಡಿಸೆಂಬರ್ 22ಕ್ಕೆ ಎಂದು 2002ರ ‘ದ ಟ್ರುತ್’ ಕಂತು ದಿನಾಂಕ ಸಹಿತ ಘೋಷಿಸಿತು. ಆ ದಿನ ಸದ್ದಿಲ್ಲದೆ ಕಳೆದುಹೋದದ್ದರಿಂದ 2016ರ ಕಂತುಗಳು ಹಳೆಯದೆಲ್ಲ ಮನುಷ್ಯರದೇ ಮೋಸವೆಂಬ ಹೊಸ ವಿವರಣೆ ಹೊಸೆಯಬೇಕಾಯಿತು, 2018ರಲ್ಲಿ ಅದಕ್ಕೂ ತಿದ್ದುಪಡಿ ಬಂತು.

ಕಥನದ ಇನ್ನೊಂದು ದೌರ್ಬಲ್ಯ ಭಾರತೀಯ ವೀಕ್ಷಕರಿಗೆ ಬೇಗ ಕಣ್ಣಿಗೆ ಬೀಳುವಂಥದ್ದು. 2001ರ ‘ಬದ್ಲಾ’ ಕಂತಿನಲ್ಲಿ ಕಾಲಿಲ್ಲದ ಭಾರತೀಯ ಭಿಕ್ಷುಕನೊಬ್ಬ (ದೀಪ್ ರಾಯ್) ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಅಮೆರಿಕದ ವ್ಯಾಪಾರಿಯ ದೇಹದೊಳಗೆ ಸೇರಿಕೊಂಡು ಅಮೆರಿಕಕ್ಕೆ ಹೋಗುತ್ತಾನೆ. ಅಮೆರಿಕದ ಕಂಪನಿಯೊಂದರ ಕಾರ್ಖಾನೆಯ ವಿಷಾನಿಲ ಅವನ ಮಗನನ್ನು ಬಲಿ ತೆಗೆದುಕೊಂಡಿದೆ. ಭೋಪಾಲವನ್ನು ನೆನಪಿಸದೆ ಇರದ ಈ ಎಳೆಯಲ್ಲಿ, ದಾಖಲೆ, ಹೊಣೆಗಾರಿಕೆ, ಮುಚ್ಚಿಹಾಕುವಿಕೆ ಎಂಬ ಧಾರಾವಾಹಿಯ ಸ್ವಂತ ವಸ್ತುವೇ ಬಾಗಿಲಿಗೆ ಬಂದು ನಿಂತಿತ್ತು. ಲೇಖಕರು ಅದನ್ನು ಒಂದೆರಡು ಮಾತಿನಲ್ಲಿ ಮುಗಿಸಿ, ಮಾಯಾವಿ ಫಕೀರನ ಹಳಸಿದ ಚಿತ್ರ ಮತ್ತು ಅವನ ಚಕ್ರದ ಹಲಗೆಯ ಕಿರುಗುಟ್ಟುವ ಸದ್ದಿನ ಮೇಲೆ ಕಂತನ್ನು ನಿಲ್ಲಿಸಿದರು. ನವಾಹೋ ಹಿರಿಯನಿಗೆ ಸಿಕ್ಕಿದ ಘನತೆಯ ಪಾಲು ಇಲ್ಲಿ ಇಲ್ಲ, ಅಲ್ಲಿಯೂ ಅದು ಮಂತ್ರಶಕ್ತಿಯ ಮೂಲನಿವಾಸಿ ಎಂಬ ಸಿದ್ಧಮಾದರಿಯಿಂದ ಪೂರ್ತಿ ಮುಕ್ತವಾಗಿರಲಿಲ್ಲ.

ದೃಶ್ಯಶೈಲಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲ ಐದು ಸೀಸನ್‌ಗಳು ಚಿತ್ರಿತವಾದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ. ಅಲ್ಲಿನ ಮಳೆ, ಮಂಜು, ದಟ್ಟ ಕಾಡು, ಛಾಯಾಗ್ರಾಹಕ ಜಾನ್ ಬಾರ್ಟ್ಲಿ ಧೈರ್ಯದಿಂದ ಉಳಿಸಿದ ಕತ್ತಲು ಇವೆಲ್ಲ ಸೇರಿ ಅಗ್ಗದ ವೇಷಭೂಷಣವನ್ನೂ ಭಯಾನಕವಾಗಿಸಿದವು. ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಂಡ ಮೇಲೆ ಬಿಸಿಲು ಹೆಚ್ಚಿತು, ಭಯ ಕಡಿಮೆಯಾಯಿತು.

ಹೊಸ ರೂಪಕ್ಕೆ ನಿಜವಾದ ಸವಾಲು ಬೇರೆಡೆಯಿದೆ, ಮತ್ತು ಅದನ್ನು ಹಳೆಯ ಲೇಖಕರಲ್ಲೇ ಒಬ್ಬರಾದ ಡ್ಯಾರಿನ್ ಮಾರ್ಗನ್ ಮುಂಚಿತವಾಗಿ ಗುರುತಿಸಿದ್ದರು. 2018ರ ಅವರ ‘ದ ಲಾಸ್ಟ್ ಆರ್ಟ್ ಆಫ್ ಫೋರ್‌ಹೆಡ್ ಸ್ವೆಟ್’ ಕಂತಿನಲ್ಲಿ ಸಂಚುಕೋರನೊಬ್ಬ ಮಲ್ಡರನ ಎದುರಿಗೇ ಬಂದು, ಸತ್ಯವನ್ನು ಮುಚ್ಚಿಡುವ ಅಗತ್ಯ ಈಗ ಉಳಿದಿಲ್ಲ, ಬಯಲಲ್ಲಿಟ್ಟರೂ ಯಾವುದನ್ನು ನಂಬಬೇಕೆಂದು ಜನರಿಗೆ ತಿಳಿಯದು ಎಂಬರ್ಥದ ಮಾತಾಡುತ್ತಾನೆ. 1993ರಲ್ಲಿ ಅಪನಂಬಿಕೆ ಮಲ್ಡರನ ನೆಲಮಾಳಿಗೆಯ ಕಚೇರಿಯಲ್ಲಿ ಅವನ ಬದುಕನ್ನೇ ಬೆಲೆಯಾಗಿ ಕೇಳುತ್ತಿತ್ತು. ಇಂದು ಅದು ಪುಕ್ಕಟೆ ಸರಕು, ಚುನಾವಣೆಯ ಬಂಡವಾಳ. ಪುರಾವೆಯ ಅಭಾವದ ಮೇಲೆ ಕಟ್ಟಿದ ಹಳೆಯ ಕಥಾಯಂತ್ರ, ಪ್ರತಿಯೊಂದಕ್ಕೂ ವಿಡಿಯೊ ಇರುವ, ಯಾವ ವಿಡಿಯೊವನ್ನೂ ನಂಬದ ಕಾಲದಲ್ಲಿ ಹಾಗೆಯೇ ಓಡಲಾರದು. ಆದರೂ ಕೂಗ್ಲರ್ ಕೈಗೆ ಕೆಲಸ ಬಂದಿರುವುದರಲ್ಲಿ ಭರವಸೆಗೆ ಕಾರಣವಿದೆ. 1932ರ ಮಿಸಿಸಿಪ್ಪಿಯ ವರ್ಣಭೇದದ ನಡುವೆ ರಕ್ತಪಿಪಾಸುಗಳ ಕಥೆಯನ್ನು ನೆಟ್ಟ ‘ಸಿನ್ನರ್ಸ್’ ತೋರಿಸಿದಂತೆ, ಅಲೌಕಿಕವನ್ನು ಚರಿತ್ರೆಯಿಂದ ಬೇರ್ಪಡಿಸದ ಅಭ್ಯಾಸ ಅವರಿಗಿದೆ. ಟಸ್ಕೀಗಿಯ ಪ್ರಯೋಗ ಆರಂಭವಾದದ್ದೂ ಅದೇ 1932ರಲ್ಲಿ, ಮತ್ತು ಅಲ್ಲಿ ದಾಖಲೆಗಳಿಗೇನೂ ಕೊರತೆಯಿರಲಿಲ್ಲ: ನಲವತ್ತು ವರ್ಷ ಸರಕಾರಿ ವೈದ್ಯರು ರೋಗಿಗಳ ಸ್ಥಿತಿಯನ್ನು ಕ್ರಮವಾಗಿ ಬರೆದಿಟ್ಟರು, ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಎಲ್ಲವೂ ಅಚ್ಚಾಗಿದ್ದು ಯಾರೂ ಬೆಚ್ಚಿಬೀಳದ ಇಂಥ ಕಡತವನ್ನು ಮಲ್ಡರ್ ಮತ್ತು ಸ್ಕಲಿ ಒಮ್ಮೆಯೂ ತೆರೆದು ಕುಳಿತಿರಲಿಲ್ಲ. ಹೊಸ ತನಿಖಾಧಿಕಾರಿಗಳು ಶುರುಮಾಡಬಹುದಾದದ್ದು ಅಲ್ಲಿಂದ.